ರಿಜಿಸ್ಟರ್ ಯಾರ ರೂಮಿನಲ್ಲಿರಬೇಕು? ಝೂಕೀಪರ್ ಜೊತೆ ಸೋಲರ್ ಕ್ಲಸ್ಟರ್ ಶುರು ಮಾಡುವ ಬಗೆ

ಕಳೆದ ವರ್ಷ ರಾಜ್ಯೋತ್ಸವದ ಹಿಂದಿನ ದಿನ ಸಂಜೆ ನಮ್ಮ ಲ್ಯಾಬಿನ ಒಂದು ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಸುಟ್ಟುಹೋಯ್ತು. ಇಂಥದ್ದು ನಮ್ಮ ಲ್ಯಾಬಿಗೆ ಹೊಸದೇನಲ್ಲ. ಆದರೆ ಈ ಸಲ ಅದರ ಜೊತೆ ನಮ್ಮ ಎರಡು ತಿಂಗಳ ಕೆಲಸವೂ ಹೋಯ್ತು ಅಂತ ಒಂದು ರಾತ್ರಿ ಪೂರ್ತಿ ನಂಬಿಕೊಂಡು ಕೂತಿದ್ವಿ. ಆ ರಾತ್ರಿ ಕಲಿತದ್ದನ್ನ, ಆಮೇಲೆ ಸರಿಮಾಡಿಕೊಂಡದ್ದನ್ನ ಇಲ್ಲಿ ಬರೀತಿದ್ದೀವಿ. ಪ್ರಾಜೆಕ್ಟಿಗೆ ಸರ್ಚ್ ಎಂಜಿನ್ ಬೇಕಾಗಿರೋ ಜೂನಿಯರ್‌ಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತೆ. ಉಳಿದವರಿಗೂ ಹಲವು ಕಂಪ್ಯೂಟರುಗಳು ಒಟ್ಟಾಗಿ ಕೆಲಸ ಮಾಡೋದು ಅಂದ್ರೆ ಏನು ಅಂತ ಒಂದು ಅಂದಾಜು ಸಿಗಬಹುದು.

ಮೊದಲು ಆ ಕೆಲಸ ಏನು ಅಂತ ಹೇಳ್ತೀವಿ. ನಮ್ಮ ಸಂಘದ ಹಳೆಯ ಸಂಚಿಕೆಗಳು, ಗೋಡೆ ಪತ್ರಿಕೆಯ ಬರಹಗಳು ಎಲ್ಲ ಬೀರುವಿನಲ್ಲಿದ್ದವು. ಅವನ್ನ ಯೂನಿಕೋಡಿನಲ್ಲಿ ಟೈಪ್ ಮಾಡಿ, ಯಾರ ಹೆಸರು ಕೊಟ್ಟರೂ ಅವರ ಕವನ, ಪ್ರಬಂಧ ಹುಡುಕಿಕೊಡುವ ವ್ಯವಸ್ಥೆ ಮಾಡಬೇಕು ಅನ್ನೋದು ಯೋಜನೆ. ಲ್ಯಾಬಿನಲ್ಲಿ ಪಕ್ಕಕ್ಕಿಟ್ಟಿದ್ದ ಮೂರು ಕಂಪ್ಯೂಟರು ಕೇಳಿ ಪಡೆದು, ಅವಕ್ಕೆ ತುಂಗಾ, ಭದ್ರಾ, ಕಾವೇರಿ ಅಂತ ಹೆಸರಿಟ್ವಿ. ಮೂರರಲ್ಲೂ ಸೋಲರ್ ಹಾಕಿದ್ವಿ. ಒಂದು ಕೆಟ್ಟರೆ ಇನ್ನೆರಡು ಇರುತ್ತವಲ್ಲ ಅಂತ ಧೈರ್ಯ.

ಕೆಟ್ಟದ್ದು ತುಂಗಾ. ಭದ್ರಾ, ಕಾವೇರಿ ಎರಡೂ ಚೆನ್ನಾಗೇ ಓಡ್ತಿದ್ದವು. ಹುಡುಕಿದರೆ ಉತ್ತರವೂ ಬರ್ತಿತ್ತು. ಆದರೆ ಹೊಸ ಬರಹ ಸೇರಿಸೋಕೆ ಹೋದರೆ ಎರರ್. ಆಗ ನಮ್ಮಲ್ಲೊಬ್ಬರು ಎಲ್ಲ ಎಂಜಿನಿಯರುಗಳೂ ಹೇಳುವ ಮಾತನ್ನೇ ಹೇಳಿದರು: "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ." ಮಾಡಿದ್ವಿ. ಅಲ್ಲಿಗೆ ಎರಡೂ ಎದ್ದೇಳಲಿಲ್ಲ. ಮರುದಿನ ಸ್ಟಾಲಿಗೆ ಬಂದವರಿಗೆ ಬರೀ ಸ್ಕ್ಯಾನ್ ಮಾಡಿದ ಪಿಡಿಎಫ್ ತೋರಿಸಿದ್ವಿ.

ಮೂರು ಡಿಸ್ಕಿನಲ್ಲೂ ಬರಹಗಳಿದ್ದವು. ಆದರೆ ಯಾವುದು ಎಲ್ಲಿದೆ, ಯಾರು ಮುಂದಾಳು ಅನ್ನುವ ವಿವರ ಇದ್ದದ್ದು ಒಂದೇ ಡಿಸ್ಕಿನಲ್ಲಿ. ತಪ್ಪು ಅಲ್ಲೇ ಇದ್ದದ್ದು.

ಯಾವುದು ಸೋಲರ್, ಯಾವುದು ಝೂಕೀಪರ್?

ಮೊದಲು ಪರಿಚಯ. ಲೂಸೀನ್ ಅನ್ನೋದು ಜಾವಾದಲ್ಲಿ ಬರೆದ ಹುಡುಕಾಟದ ಲೈಬ್ರರಿ, 1999ರಲ್ಲಿ ಡಗ್ ಕಟಿಂಗ್ ಹೊರತಂದದ್ದು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತಲ್ಲ, ಯಾವ ಪದ ಯಾವ ಪುಟದಲ್ಲಿದೆ ಅಂತ, ಅಂಥ ಸೂಚಿಯನ್ನ ಅದು ಕಟ್ಟುತ್ತೆ. ಅದರ ಮೇಲೆ ಒಂದು ಪೂರ್ತಿ ಸರ್ವರ್ ಕಟ್ಟಿದ್ದು ಸೋಲರ್. ಸಿನೆಟ್ ಕಂಪನಿಯಲ್ಲಿದ್ದ ಯೋನಿಕ್ ಸೀಲಿ 2004ರಲ್ಲಿ ಇದನ್ನ ಶುರು ಮಾಡಿದರು, 2006ರಲ್ಲಿ ಅದು ಅಪಾಚೆಗೆ ಬಂತು.

ಬರಹಗಳು ಹೆಚ್ಚಾದಾಗ, ಅಥವಾ ಒಂದು ಸರ್ವರ್ ಕೆಟ್ಟರೂ ಕೆಲಸ ನಿಲ್ಲಬಾರದು ಅಂದಾಗ, ಹಲವು ಸರ್ವರ್ ಬೇಕಾಗುತ್ತೆ. ಸೂಚಿಯನ್ನ ತುಂಡು ಮಾಡಿದರೆ ಒಂದೊಂದು ತುಂಡಿಗೆ ಶಾರ್ಡ್ ಅಂತಾರೆ. ಒಂದೊಂದು ಶಾರ್ಡಿನ ನಕಲಿಗೆ ರೆಪ್ಲಿಕಾ ಅಂತಾರೆ. ಒಂದು ಶಾರ್ಡಿನ ರೆಪ್ಲಿಕಾಗಳಲ್ಲಿ ಒಂದು ಲೀಡರ್ ಆಗಿರುತ್ತೆ. ಹೊಸ ಬರಹ ಮೊದಲು ಅದಕ್ಕೆ ಹೋಗಿ, ಅಲ್ಲಿಂದ ಉಳಿದವಕ್ಕೆ ಹಂಚಿಕೆಯಾಗುತ್ತೆ. ಈ ಎಲ್ಲ ವ್ಯವಸ್ಥೆಗೆ ಸೋಲರ್‌ಕ್ಲೌಡ್ ಅಂತ ಹೆಸರು, 2012ರಲ್ಲಿ ಸೋಲರಿನ 4ನೇ ಆವೃತ್ತಿಯ ಜೊತೆ ಬಂತು.

ಈಗ ಪ್ರಶ್ನೆ: ಯಾರು ಬದುಕಿದ್ದಾರೆ, ಯಾರು ಲೀಡರ್, ಯಾವ ಶಾರ್ಡ್ ಎಲ್ಲಿದೆ ಅನ್ನೋದನ್ನ ಎಲ್ಲರೂ ಒಪ್ಪೋ ಹಾಗೆ ಬರೆದಿಡೋರು ಯಾರು? ಆ ಕೆಲಸ ಝೂಕೀಪರಿನದು. ಇದು ಹುಟ್ಟಿದ್ದು ಯಾಹೂ ಕಂಪನಿಯಲ್ಲಿ. ಅದರ ಬಗ್ಗೆ 2010ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಬಂದ ಪ್ರಬಂಧ ಓದೋಕೆ ಕಷ್ಟವೇನಿಲ್ಲ, ಆಪರೇಟಿಂಗ್ ಸಿಸ್ಟಮ್ ವಿಷಯ ಮುಗಿಸಿದವರು ಒಮ್ಮೆ ನೋಡಿ. ಝೂಕೀಪರ್ ಬರಹಗಳನ್ನ ಹುಡುಕಲ್ಲ, ಇಟ್ಟುಕೊಳ್ಳೋದೂ ಇಲ್ಲ. ಫೋಲ್ಡರುಗಳ ಹಾಗೆ ಕಾಣುವ ಒಂದು ಮರದಲ್ಲಿ ಚಿಕ್ಕ ಚಿಕ್ಕ ಚೀಟಿಗಳನ್ನ ಇಟ್ಟುಕೊಂಡಿರುತ್ತೆ, ಅಷ್ಟೇ.

ಹಾಸ್ಟೆಲ್ ರಿಜಿಸ್ಟರ್

ಹಾಸ್ಟೆಲ್ಲಿನ ಇನ್-ಔಟ್ ರಿಜಿಸ್ಟರ್ ನೆನಪು ಮಾಡ್ಕೊಳ್ಳಿ. ಯಾರು ಒಳಗಿದ್ದಾರೆ, ಯಾರು ಊರಿಗೆ ಹೋಗಿದ್ದಾರೆ, ಈ ತಿಂಗಳು ಮೆಸ್ ನೋಡ್ಕೊಳ್ಳೋರು ಯಾರು, ಎಲ್ಲ ಅದರಲ್ಲಿರುತ್ತೆ. ಝೂಕೀಪರಿನಲ್ಲೂ ಹೀಗೇ. ಒಂದೊಂದು ಸೋಲರ್ ಎದ್ದ ಕೂಡಲೇ ಅಲ್ಲಿಗೆ ಹೋಗಿ "ನಾನು ಬಂದೆ" ಅಂತ ಒಂದು ಚೀಟಿ ಅಂಟಿಸುತ್ತೆ. ಈ ಚೀಟಿಗೆ ಒಂದು ವಿಶೇಷ ಗುಣ: ಅಂಟಿಸಿದವರ ಜೊತೆ ಸಂಪರ್ಕ ಕಡಿದು ನಿಗದಿತ ಸಮಯ ಕಳೆದರೆ ತಾನಾಗೇ ಬಿದ್ದುಹೋಗುತ್ತೆ. ಉಳಿದ ಸೋಲರುಗಳು "ಚೀಟಿ ಬದಲಾದರೆ ನಂಗೆ ತಿಳಿಸು" ಅಂತ ಹೇಳಿಟ್ಟಿರುತ್ತವೆ. ಹಾಗಾಗಿ ಒಬ್ಬರು ಹೋದರೆ ಎಲ್ಲರಿಗೂ ಗೊತ್ತಾಗುತ್ತೆ, ಬೇಕಾದರೆ ಹೊಸ ಲೀಡರ್ ಆಯ್ಕೆಯಾಗುತ್ತೆ.

ಈಗ ಆ ರಿಜಿಸ್ಟರನ್ನ ಒಬ್ಬ ಹುಡುಗ ತನ್ನ ರೂಮಿನಲ್ಲೇ ಇಟ್ಕೊಂಡಿದ್ದಾನೆ ಅಂದ್ಕೊಳ್ಳಿ. ಅವನಿರೋವರೆಗೂ ಏನೂ ತೊಂದರೆಯಿಲ್ಲ. ಒಂದು ದಿನ ಬೀಗ ಹಾಕ್ಕೊಂಡು ಊರಿಗೆ ಹೋದ. ಉಳಿದವರು ನೆನಪಿನ ಮೇಲೆ ಒಂದಿಷ್ಟು ಕೆಲಸ ನಡೆಸಬಹುದು. ಆದರೆ ಹೊಸದಾಗಿ ಏನೂ ಬರೆಯೋ ಹಾಗಿಲ್ಲ. ಮಲಗಿ ಎದ್ದು ನೆನಪೂ ಹೋದರೆ ಮುಗೀತು.

ನಾವು ಮಾಡಿದ್ದು ಇದನ್ನೇ. ಸೋಲರನ್ನ ಕ್ಲೌಡ್ ರೀತಿಯಲ್ಲಿ ಶುರು ಮಾಡುವಾಗ ಝೂಕೀಪರಿನ ವಿಳಾಸ ಕೊಡದಿದ್ದರೆ, ಅದು ತನ್ನ ಹೊಟ್ಟೆಯೊಳಗೇ ಒಂದು ಝೂಕೀಪರನ್ನ ಶುರು ಮಾಡಿಕೊಳ್ಳುತ್ತೆ. ಸೋಲರಿನ ಪೋರ್ಟ್ 8983. ಅದಕ್ಕೆ 1000 ಕೂಡಿಸಿ, 9983ರಲ್ಲಿ ಈ ಒಳಗಿನ ಝೂಕೀಪರ್ ಕೂರುತ್ತೆ. ಮನೆಯಲ್ಲಿ ಕಲಿಯೋಕೆ ಇದು ತುಂಬಾ ಅನುಕೂಲ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಆ ಸೋಲರ್ ನಿಂತರೆ ಝೂಕೀಪರೂ ನಿಂತಂತೆ. ನಮ್ಮ ರಿಜಿಸ್ಟರ್ ತುಂಗಾದ ರೂಮಿನಲ್ಲಿತ್ತು. ಭದ್ರಾ, ಕಾವೇರಿ ಓಡ್ತಿದ್ದಾಗ ತಮ್ಮ ನೆನಪಿನಲ್ಲಿದ್ದ ನಕ್ಷೆ ನೋಡಿಕೊಂಡು ಹುಡುಕಾಟಕ್ಕೆ ಉತ್ತರ ಕೊಡ್ತಿದ್ದವು. ರೀಸ್ಟಾರ್ಟ್ ಮಾಡಿ ಆ ನೆನಪನ್ನ ನಾವೇ ಅಳಿಸಿಬಿಟ್ವಿ.

ಮೂರೇ ಯಾಕೆ?

ರಿಜಿಸ್ಟರ್ ಹೊರಗಿರಬೇಕು ಸರಿ. ಹೊರಗೂ ಒಂದೇ ಇದ್ದರೆ? ಅದೇ ಕಥೆ. ಹಾಗಾಗಿ ಝೂಕೀಪರನ್ನೂ ಹಲವು ಕಂಪ್ಯೂಟರಿನಲ್ಲಿ ಓಡಿಸ್ತಾರೆ. ಈ ಗುಂಪಿಗೆ ಆನ್‌ಸಾಂಬಲ್ ಅಂತ ಹೆಸರು. ನಾವು ಇಲ್ಲಿ ತಂಡ ಅಂತೀವಿ. ತಂಡದಲ್ಲಿ ಒಬ್ಬ ಲೀಡರ್. ಏನೇ ಬರೆಯಬೇಕಾದರೂ ಲೀಡರ್ ಎಲ್ಲರಿಗೂ ಹೇಳಿ, ಅರ್ಧಕ್ಕಿಂತ ಹೆಚ್ಚು ಜನ "ಡಿಸ್ಕಿಗೆ ಬರೆದುಕೊಂಡೆ" ಅಂದಮೇಲೇ ಅದು ಖಾಯಂ.

ಪೇಪರಿನಲ್ಲಿ "ಕೋರಂ ಇಲ್ಲದೆ ಪಂಚಾಯಿತಿ ಸಭೆ ಮುಂದಕ್ಕೆ" ಅಂತ ಓದಿರ್ತೀರಿ. ಇಲ್ಲೂ ಅದೇ ಪದ, ಕೋರಂ. ಆದರೆ ಇಲ್ಲಿ ಕೋರಂ ಅಂದರೆ ಬಹುಮತ, ಅದೂ ತಂಡದ ಒಟ್ಟು ಸದಸ್ಯರ ಲೆಕ್ಕದಲ್ಲಿ, ಹಾಜರಿದ್ದವರ ಲೆಕ್ಕದಲ್ಲಲ್ಲ. ಲೆಕ್ಕ ಹೀಗಿದೆ:

ಇಬ್ಬರ ತಂಡದಲ್ಲಿ ಬಹುಮತಕ್ಕೆ 2 ಬೇಕು. ಒಬ್ಬ ಹೋದರೂ ನಿಲ್ಲುತ್ತೆ.
ಮೂವರಲ್ಲಿ 2 ಬೇಕು. ಒಬ್ಬ ಹೋದರೆ ಪರವಾಗಿಲ್ಲ.
ನಾಲ್ವರಲ್ಲಿ 3 ಬೇಕು. ಆಗಲೂ ಒಬ್ಬನೇ ಹೋಗಬಹುದು.
ಐವರಲ್ಲಿ 3 ಬೇಕು. ಇಬ್ಬರು ಹೋದರೂ ನಡೆಯುತ್ತೆ.

ನಾಲ್ಕನೆಯವನಿಂದ ಖರ್ಚು ಬಿಟ್ಟರೆ ಲಾಭವಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತೆ. ಅದಕ್ಕೇ 3, 5 ಹೀಗೆ ಬೆಸಸಂಖ್ಯೆ ಇಟ್ಕೊಳ್ತಾರೆ.

ಬಹುಮತವೇ ಬೇಕು ಅನ್ನುವ ಹಟ ಯಾಕೆ? ಮಧ್ಯದ ನೆಟ್‌ವರ್ಕ್ ಕೇಬಲ್ ಕಿತ್ತುಹೋಗಿ ತಂಡ ಎರಡು ಹೋಳಾಯ್ತು ಅನ್ನಿ. ಎರಡು ಹೋಳುಗಳೂ "ಆ ಕಡೆಯವರು ಸತ್ತರು, ನಾವೇ ಮುಂದುವರಿಸೋಣ" ಅಂದ್ಕೊಂಡರೆ ಎರಡು ರಿಜಿಸ್ಟರ್, ಇಬ್ಬರು ಲೀಡರ್, ಎರಡು ಬೇರೆ ಬೇರೆ ಸತ್ಯ. ಎರಡೂ ಹೋಳುಗಳಲ್ಲಿ ಒಟ್ಟಿಗೆ ಬಹುಮತ ಇರೋಕೆ ಸಾಧ್ಯವೇ ಇಲ್ಲ. ಹಾಗಾಗಿ ಹೆಚ್ಚೆಂದರೆ ಒಂದು ಹೋಳು ಮಾತ್ರ ಬರೆಯುತ್ತೆ, ಇನ್ನೊಂದು ಸುಮ್ಮನಾಗುತ್ತೆ. ತಪ್ಪು ಬರೆಯೋದಕ್ಕಿಂತ ಬರೆಯದಿರೋದು ವಾಸಿ ಅನ್ನೋದು ಝೂಕೀಪರಿನ ನೀತಿ.

ಹೆಸರು, ವಿಳಾಸ ಮೊದಲು

ಈಗ ಕೆಲಸಕ್ಕೆ ಬರೋಣ. ನಾವು ಬಳಸಿದ್ದು ಸೋಲರಿನ 9ನೇ ಆವೃತ್ತಿ, ಉಬುಂಟು. ಸೋಲರ್ 9ಕ್ಕೆ ಜಾವಾ 11 ಅಥವಾ ಅದಕ್ಕಿಂತ ಹೊಸದು ಬೇಕು. ಒಂದು ಮಾತು: ಕೆಳಗೆ ಫೈಲ್, ಸೆಟ್ಟಿಂಗ್ ಹೆಸರುಗಳನ್ನ ಕನ್ನಡದಲ್ಲಿ ಬರೆದಿದ್ದೀವಿ. ಕಂಪ್ಯೂಟರಿನಲ್ಲಿ ಅವನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಪಕ್ಕದಲ್ಲಿ ಸೋಲರಿನ ಕೈಪಿಡಿ ತೆರೆದಿಟ್ಕೊಂಡರೆ ಕಾಗುಣಿತ ತಪ್ಪಲ್ಲ.

ನಮಗೆ ಮೂರು ಕಂಪ್ಯೂಟರ್ ಬಿಟ್ಟರೆ ಬೇರೆ ಇರಲಿಲ್ಲ. ಹಾಗಾಗಿ ಪ್ರತಿಯೊಂದರಲ್ಲೂ ಒಂದು ಝೂಕೀಪರ್, ಒಂದು ಸೋಲರ್, ಆದರೆ ಬೇರೆ ಬೇರೆ ಪ್ರೋಗ್ರಾಮುಗಳಾಗಿ. ಸೋಲರ್ ನಿಲ್ಲಿಸಿದರೆ ಝೂಕೀಪರ್ ನಿಲ್ಲಲ್ಲ, ಮುಖ್ಯವಾದದ್ದು ಇದೇ. ಅನುಕೂಲ ಇದ್ದವರು ಝೂಕೀಪರಿಗೆ ಬೇರೆ ಕಂಪ್ಯೂಟರುಗಳನ್ನೇ ಕೊಡಲಿ. ಸೋಲರ್ ಜೋರಾಗಿ ಡಿಸ್ಕ್ ಬಳಸುವಾಗ ಝೂಕೀಪರಿನ ಬರವಣಿಗೆ ನಿಧಾನವಾಗುತ್ತೆ. ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ಅದಕ್ಕೆ ಬೇರೆ ಡಿಸ್ಕಾದರೂ ಇದ್ದರೆ ಒಳ್ಳೇದು.

ಮೊದಲು ಮೂರು ಕಂಪ್ಯೂಟರಿಗೂ ಬದಲಾಗದ ಐಪಿ ವಿಳಾಸ ಕೊಡಿ. ಆಮೇಲೆ ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲಿನಲ್ಲಿ ಮೂವರ ಹೆಸರು, ಐಪಿ ಬರೆಯಿರಿ. ಇಲ್ಲೇ ನಾವು ಒಂದು ಇಡೀ ಮಧ್ಯಾಹ್ನ ಕಳೆದ್ವಿ. ಉಬುಂಟು, ಡೆಬಿಯನ್‌ಗಳು ಕಂಪ್ಯೂಟರಿನ ಸ್ವಂತ ಹೆಸರನ್ನ ಆ ಫೈಲಿನಲ್ಲಿ 127.0.1.1 ವಿಳಾಸಕ್ಕೆ ಅಂಟಿಸಿರುತ್ತವೆ. ಅದು ತನ್ನೊಳಗೇ ತಿರುಗುವ ವಿಳಾಸ. ತುಂಗಾ ತನ್ನ ಹೆಸರಿನ ವಿಳಾಸ ಹುಡುಕಿ ಅಲ್ಲೇ ಕಿವಿಗೊಟ್ಟು ಕೂರುತ್ತೆ. ಹೊರಗಿನಿಂದ ಭದ್ರಾ ಬಾಗಿಲು ತಟ್ಟಿದರೆ ಯಾರೂ ತೆಗೆಯಲ್ಲ. ಆ ಸಾಲು ಅಳಿಸಿ, ಸ್ವಂತ ಹೆಸರಿಗೂ ನಿಜವಾದ ಐಪಿಯನ್ನೇ ಕೊಡಿ. ಪಿಂಗ್ ಮಾಡಿ ನೋಡಿದಾಗ ಪ್ರತಿ ಕಂಪ್ಯೂಟರಿನಿಂದಲೂ ಮೂರು ಹೆಸರಿಗೂ ಸರಿಯಾದ ಐಪಿ ಬಂದರೆ ಮುಂದೆ ಹೋಗಿ.

ಫೈರ್‌ವಾಲ್ ಇದ್ದರೆ ಈ ಪೋರ್ಟುಗಳು ಮೂವರ ಮಧ್ಯೆ ತೆರೆದಿರಬೇಕು: 2181 ಸೋಲರ್ ಬಂದು ಮಾತಾಡೋಕೆ, 2888 ತಂಡದವರು ಲೀಡರಿನ ಜೊತೆ ಮಾತಾಡೋಕೆ, 3888 ಲೀಡರ್ ಆಯ್ಕೆಗೆ, 8983 ಸೋಲರಿಗೆ.

ಝೂಕೀಪರ್ ಎಬ್ಬಿಸೋದು

ಝೂಕೀಪರನ್ನ ಬಿಚ್ಚಿದ ಮೇಲೆ ಕಾನ್ಫ್ ಫೋಲ್ಡರಿನಲ್ಲಿ ಝೂ.ಸಿಎಫ್‌ಜಿ ಅನ್ನೋ ಫೈಲ್ ಮಾಡಿ. ಮೂರರಲ್ಲೂ ಒಂದೇ ಫೈಲ್ ಸಾಕು. ಅದರಲ್ಲಿರಬೇಕಾದ್ದು:

ಟಿಕ್‌ಟೈಮ್ = 2000. ಇದು ಝೂಕೀಪರಿನ ಗಡಿಯಾರದ ಒಂದು ಹೊಡೆತ, ಮಿಲಿಸೆಕೆಂಡಿನಲ್ಲಿ. ಅಂದರೆ 2 ಸೆಕೆಂಡು.
ಇನಿಟ್‌ಲಿಮಿಟ್ = 5. ತಂಡಕ್ಕೆ ಸೇರುವವರಿಗೆ ಸಿಗುವ ಸಮಯ 5 ಹೊಡೆತ, 10 ಸೆಕೆಂಡು.
ಸಿಂಕ್‌ಲಿಮಿಟ್ = 2. ಲೀಡರಿಗಿಂತ ಇಷ್ಟಕ್ಕಿಂತ ಹಿಂದೆ ಬಿದ್ದರೆ ಹೊರಗೆ, 4 ಸೆಕೆಂಡು.
ಡೇಟಾಡಿರ್. ರಿಜಿಸ್ಟರ್ ಇಡುವ ಫೋಲ್ಡರ್. ಇದನ್ನ ಟೆಂಪ್ ಫೋಲ್ಡರಿನಲ್ಲಿ ಮಾತ್ರ ಇಡಬೇಡಿ, ಅಲ್ಲಿದ್ದದ್ದು ಬೂಟ್ ಆದಾಗ ಅಳಿಸಿಹೋಗಬಹುದು.
ಕ್ಲೈಂಟ್‌ಪೋರ್ಟ್ = 2181.
ಸರ್ವರ್.1 = ತುಂಗಾ:2888:3888
ಸರ್ವರ್.2 = ಭದ್ರಾ:2888:3888
ಸರ್ವರ್.3 = ಕಾವೇರಿ:2888:3888

ಇನ್ನೆರಡು ಸಾಲು ಮರೀಬೇಡಿ. ಒಂದು ಆಟೋಪರ್ಜ್. ಝೂಕೀಪರ್ ಆಗಾಗ ರಿಜಿಸ್ಟರಿನ ಪೂರ್ತಿ ಪ್ರತಿ ತೆಗೆದಿಡುತ್ತೆ. ಹಳೇ ಪ್ರತಿಗಳನ್ನ ತಾನಾಗಿ ಅಳಿಸೋದು ಮೊದಲಿನಿಂದ ಆಫ್ ಆಗಿರುತ್ತೆ. ಪರ್ಜ್‌ಇಂಟರ್ವಲ್ 1 ಅಂತ ಕೊಟ್ಟರೆ ಗಂಟೆಗೊಮ್ಮೆ ಗುಡಿಸುತ್ತೆ. ಇಲ್ಲದಿದ್ದರೆ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಡಿಸ್ಕ್ ತುಂಬಿ ಕೂತಿರಬಹುದು. ಎರಡನೆಯದು ನಾಲ್ಕಕ್ಷರದ ಕಮಾಂಡುಗಳ ವೈಟ್‌ಲಿಸ್ಟ್. ಎಂಎನ್‌ಟಿಆರ್, ಕಾನ್ಫ್, ಆರ್‌ಯುಒಕೆ ಈ ಮೂರನ್ನ ಸೇರಿಸಿ. ಸೋಲರಿನ ಅಡ್ಮಿನ್ ಪುಟ ತಂಡದ ಆರೋಗ್ಯ ತೋರಿಸೋಕೆ ಇವನ್ನೇ ಬಳಸುತ್ತೆ. ಕೊನೆಯದು "ಆರ್ ಯು ಓಕೆ" ಅನ್ನೋದರ ಚಿಕ್ಕ ರೂಪ. ಕೇಳಿದರೆ "ಐ ಆಮ್ ಓಕೆ" ಅಂತಲೇ ಉತ್ತರ ಬರುತ್ತೆ!

ಈಗ ಡೇಟಾಡಿರ್ ಫೋಲ್ಡರಿನೊಳಗೆ ಮೈಐಡಿ ಅನ್ನೋ ಫೈಲ್. ತುಂಗಾದಲ್ಲಿ ಅದರೊಳಗೆ ಬರೀ 1, ಭದ್ರಾದಲ್ಲಿ 2, ಕಾವೇರಿಯಲ್ಲಿ 3. ಬೇರೇನೂ ಬೇಡ. ಮೂರು ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿರೋ ಫೈಲ್ ಇದೊಂದೇ. ಒಂದರಿಂದ ಇನ್ನೊಂದಕ್ಕೆ ಇಡೀ ಫೋಲ್ಡರ್ ಕಾಪಿ ಮಾಡೋರು ಇದನ್ನ ಬದಲಿಸೋಕೆ ಮರೀತಾರೆ, ಜೋಪಾನ.

ತುಂಗಾದಲ್ಲಿ ಝೂಕೀಪರಿನ ಸರ್ವರ್ ಸ್ಕ್ರಿಪ್ಟಿಗೆ ಸ್ಟಾರ್ಟ್ ಅಂತ ಹೇಳಿ. ಶುರುವಾಯ್ತು ಅಂತ ಹೇಳುತ್ತೆ. ಖುಷಿಯಿಂದ ಸ್ಟೇಟಸ್ ಕೇಳಿದರೆ "ಸಂಪರ್ಕ ಸಿಗ್ತಿಲ್ಲ, ಬಹುಶಃ ಓಡ್ತಿಲ್ಲ" ಅನ್ನೋ ಅರ್ಥದ ಎರರ್. ಲಾಗ್ ತೆಗೆದರೆ ಸಾಲುಸಾಲು ಕನೆಕ್ಷನ್ ರೆಫ್ಯೂಸ್ಡ್. ನಾವು ಇಲ್ಲಿ ಗಾಬರಿಯಾಗಿ ಎರಡು ಸಲ ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದ್ವಿ. ಅಸಲಿಗೆ ತಪ್ಪೇನೂ ಆಗಿರಲಿಲ್ಲ. ಮೂವರಲ್ಲಿ ಒಬ್ಬನೇ ಎದ್ದಿದ್ದಾನೆ, ಕೋರಂ ಇಲ್ಲ, ಸಭೆ ಶುರುವಾಗಿಲ್ಲ. ಭದ್ರಾದಲ್ಲೂ ಸ್ಟಾರ್ಟ್ ಮಾಡಿ, ಆಮೇಲೆ ಸ್ಟೇಟಸ್ ಕೇಳಿ. ಒಬ್ಬರು ಲೀಡರ್, ಒಬ್ಬರು ಫಾಲೋವರ್ ಅಂತ ಬರುತ್ತೆ. ಕಾವೇರಿಯನ್ನೂ ಸೇರಿಸಿ.

ಸೋಲರನ್ನ ಹೊರಗಿನ ರಿಜಿಸ್ಟರಿಗೆ ಸೇರಿಸೋದು

ಝೂಕೀಪರ್ ಮರದಲ್ಲಿ ಸೋಲರಿಗೆ ಅಂತ ಒಂದು ಕೊಂಬೆ ಮಾಡೋದು ಒಳ್ಳೇದು, ನಾಳೆ ಅದೇ ಝೂಕೀಪರನ್ನ ಬೇರೆಯವರೂ ಬಳಸಬಹುದು. ಅದಕ್ಕೆ ಸೋಲರ್ ಸ್ಕ್ರಿಪ್ಟಿನಲ್ಲೇ ಎಂಕೆರೂಟ್ ಅನ್ನೋ ಕಮಾಂಡ್ ಇದೆ. ಅದರಿಂದ /ಸೋಲರ್ ಅನ್ನೋ ಕೊಂಬೆ ಮಾಡಿ. ಈ ಹೆಜ್ಜೆ ಬಿಟ್ಟು ಮುಂದೆ ಹೋದರೆ, ಹೇಳಿದ ಕೊಂಬೆ ಇಲ್ಲವಲ್ಲ ಅಂತ ಸೋಲರ್ ಏಳೋದೇ ಇಲ್ಲ.

ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಸೋಲರ್.ಇನ್.ಎಸ್‌ಎಚ್ ಫೈಲಿನಲ್ಲಿ ಮೂರು ಸಾಲು ತುಂಬಬೇಕು.

ಮೊದಲನೆಯದು ಝಡ್‌ಕೆ_ಹೋಸ್ಟ್. ಬೆಲೆ: ತುಂಗಾ:2181,ಭದ್ರಾ:2181,ಕಾವೇರಿ:2181/ಸೋಲರ್. ಕೊಂಬೆಯ ಹೆಸರು ಸಾಲಿನ ಕೊನೆಯಲ್ಲಿ ಒಂದೇ ಸಲ ಬರಬೇಕು, ಪ್ರತಿ ಹೆಸರಿನ ಮುಂದೆ ಅಲ್ಲ. ಮೂವರ ವಿಳಾಸವನ್ನೂ ಕೊಡಿ. ಒಬ್ಬರದ್ದೇ ಕೊಟ್ಟರೂ ಇವತ್ತು ಕೆಲಸ ಮಾಡುತ್ತೆ, ಆದರೆ ಅವರು ಕೆಟ್ಟ ದಿನ ಸೋಲರಿಗೆ ಬೇರೆ ಬಾಗಿಲು ಗೊತ್ತಿರಲ್ಲ. ಈ ಸಾಲು ತುಂಬಿದರೆ ಸಾಕು, ಸೋಲರ್ ತಾನಾಗೇ ಕ್ಲೌಡ್ ರೀತಿಯಲ್ಲಿ ಏಳುತ್ತೆ, ಒಳಗಿನ ಝೂಕೀಪರನ್ನ ಮುಟ್ಟಲ್ಲ.

ಎರಡನೆಯದು ಸೋಲರ್_ಹೋಸ್ಟ್. ಆಯಾ ಕಂಪ್ಯೂಟರಿನ ಸ್ವಂತ ಹೆಸರು. ರಿಜಿಸ್ಟರಿನಲ್ಲಿ ಈ ಹೆಸರಿನಲ್ಲೇ ಸಹಿ ಬೀಳುತ್ತೆ, ಬೇರೆ ಸೋಲರುಗಳು ಇದನ್ನ ನೋಡಿಯೇ ಹುಡುಕಿಕೊಂಡು ಬರೋದು.

ಮೂರನೆಯದು ಸೋಲರ್_ಜೆಟಿ_ಹೋಸ್ಟ್. ಸೋಲರ್ 9 ಭದ್ರತೆಗೋಸ್ಕರ ಮೊದಲಿಗೆ ತನ್ನ ಕಂಪ್ಯೂಟರಿನೊಳಗಿಂದ ಬಂದ ಮಾತನ್ನ ಮಾತ್ರ ಕೇಳುತ್ತೆ. ಕ್ಲಸ್ಟರಿಗೆ ಅದು ಸಾಲದು, ಇಲ್ಲಿ 0.0.0.0 ಕೊಡಬೇಕು. ಆದರೆ ಇದರರ್ಥ ಬಾಗಿಲು ತೆರೆದಿಟ್ಟಂತೆ. ಪಾಸ್‌ವರ್ಡ್ ಹಾಕದ ಸೋಲರ್, ಝೂಕೀಪರ್ ಎರಡನ್ನೂ ಲ್ಯಾಬಿನ ಒಳ ನೆಟ್‌ವರ್ಕಿನಿಂದ ಆಚೆಗೆ ಕಾಣೋ ಹಾಗೆ ಯಾವತ್ತೂ ಬಿಡಬೇಡಿ.

ಈಗ ಒಂದೊಂದರಲ್ಲೂ ಸೋಲರ್ ಸ್ಟಾರ್ಟ್ ಮಾಡಿ. ರೂಟ್ ಬಳಕೆದಾರರಾಗಿ ಮಾಡಿದರೆ ಅದು ಒಪ್ಪಲ್ಲ, ಬೇರೆ ಹೆಸರಿನಿಂದ ಮಾಡಿ. ಬ್ರೌಸರಿನಲ್ಲಿ 8983 ತೆರೆದು ಕ್ಲೌಡ್ ವಿಭಾಗಕ್ಕೆ ಹೋದರೆ ನೋಡ್ಸ್ ಪುಟದಲ್ಲಿ ಮೂರು ಹೆಸರೂ ಕಾಣಬೇಕು. ಝಡ್‌ಕೆ ಸ್ಟೇಟಸ್ ಪುಟ ಹಸಿರಾಗಿರಬೇಕು.

ಬರಹಗಳಿಗೆ ಜಾಗ

ಬರಹದಲ್ಲಿ ಯಾವ ಯಾವ ಅಂಕಣ ಇರುತ್ತೆ, ಪದಗಳನ್ನ ಹೇಗೆ ಬಿಡಿಸಬೇಕು ಅನ್ನುವ ನಿಯಮಗಳ ಫೋಲ್ಡರಿಗೆ ಕಾನ್ಫಿಗ್‌ಸೆಟ್ ಅಂತಾರೆ. ಇದನ್ನೂ ಝೂಕೀಪರಿನಲ್ಲೇ ಇಡಬೇಕು, ಆಗ ಮೂವರೂ ಒಂದೇ ನಿಯಮ ಓದ್ತಾರೆ. ಅಪ್‌ಕಾನ್ಫಿಗ್ ಅನ್ನೋ ಕಮಾಂಡಿನಿಂದ ಏರಿಸಬೇಕು. ಆಮೇಲೆ ಕಲೆಕ್ಷನ್ ಮಾಡುವಾಗ ಹೆಸರು, ಶಾರ್ಡ್ ಎಷ್ಟು, ರೆಪ್ಲಿಕಾ ಎಷ್ಟು, ಯಾವ ಕಾನ್ಫಿಗ್‌ಸೆಟ್ ಅಂತ ಹೇಳಿದರಾಯ್ತು. ನಮ್ಮ ಬರಹಗಳು ಒಂದು ಕಂಪ್ಯೂಟರಿನಲ್ಲೇ ಹಿಡಿಸುವಷ್ಟು. ಹಾಗಾಗಿ ಶಾರ್ಡ್ 1, ರೆಪ್ಲಿಕಾ 3.

ಕನ್ನಡದವರು ಇಲ್ಲೊಂದು ಲೆಕ್ಕ ಗಮನಿಸಬೇಕು. ಝೂಕೀಪರಿನ ಒಂದು ಚೀಟಿಯಲ್ಲಿ ಸುಮಾರು 1 ಎಂಬಿಗಿಂತ ಹೆಚ್ಚು ಇಡೋಕಾಗಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. "ಕಿ" ಅಂದರೆ ಕ ಮತ್ತು ಇಕಾರ ಸೇರಿ 6 ಬೈಟ್. ಹಾಗಾಗಿ 1 ಎಂಬಿಯಲ್ಲಿ ಹಿಡಿಸೋದು ಸುಮಾರು ಮೂರೂವರೆ ಲಕ್ಷ ಕನ್ನಡ ಸಂಕೇತ ಮಾತ್ರ. ದೊಡ್ಡ ಸಮಾನಾರ್ಥಕ ಪದಪಟ್ಟಿಯನ್ನ ಕಾನ್ಫಿಗ್‌ಸೆಟ್ಟಿನಲ್ಲಿ ತುರುಕಿದರೆ ಇಂಗ್ಲಿಷಿನವರಿಗಿಂತ ನಾವು ಬೇಗ ಮಿತಿ ಮುಟ್ಟುತ್ತೀವಿ. ಜೂಟ್.ಮ್ಯಾಕ್ಸ್‌ಬಫರ್ ಅನ್ನೋ ಸೆಟ್ಟಿಂಗಿನಿಂದ ಮಿತಿ ಏರಿಸಬಹುದು, ಆದರೆ ಝೂಕೀಪರ್, ಸೋಲರ್ ಎರಡೂ ಕಡೆ ಬದಲಿಸಬೇಕು. ನಾವು ಪಟ್ಟಿಯನ್ನ ಎರಡು ಫೈಲಾಗಿ ಒಡೆದು ಸುಮ್ಮನಾದ್ವಿ.

ಈ ಸಲ ನಾವೇ ಪ್ಲಗ್ ಕಿತ್ತೆವು

ಎಲ್ಲ ಸರಿಯಾಗಿದೆ ಅಂತ ನಂಬೋಕೆ ಈಗ ಧೈರ್ಯ ಸಾಲದು. ಅದಕ್ಕೆ ಸಂಘದ ಎಲ್ಲರನ್ನೂ ಕರೆದು, ಅವರ ಮುಂದೆಯೇ ಕಾವೇರಿಯ ಪ್ಲಗ್ ಕಿತ್ತೆವು.

ತಕ್ಷಣ ಏನೂ ಆಗಲಿಲ್ಲ. ನೋಡ್ಸ್ ಪುಟದಲ್ಲಿ ಕಾವೇರಿ ಇನ್ನೂ ಬದುಕಿದ್ದಂತೆ ತೋರಿಸ್ತಿತ್ತು. ಕಾರಣ, "ನಾನು ಬಂದೆ" ಚೀಟಿ ಬೀಳೋಕೆ ಸಮಯ ಬೇಕು. ಸೋಲರ್ ಸಾಮಾನ್ಯವಾಗಿ ಕೇಳೋದು 30 ಸೆಕೆಂಡು; ಝೂಕೀಪರ್ ಒಪ್ಪೋದು ಟಿಕ್‌ಟೈಮಿನ 2ರಿಂದ 20 ಪಟ್ಟು, ಅಂದರೆ ನಮ್ಮಲ್ಲಿ 4ರಿಂದ 40 ಸೆಕೆಂಡು. ಅಷ್ಟು ಹೊತ್ತು ಕಾಯ್ದು, ಚೀಟಿ ಬಿತ್ತು. ಕಾವೇರಿ ಬಳಿ ಇದ್ದ ಲೀಡರ್ ಪಟ್ಟ ಭದ್ರಾಕ್ಕೆ ಹೋಯ್ತು. ಹುಡುಕಾಟ ನಡೀತು, ಹೊಸ ಬರಹವೂ ಸೇರಿತು. ಪ್ಲಗ್ ಮತ್ತೆ ಹಾಕಿದಾಗ ಕಾವೇರಿ ಎದ್ದು, ತಾನಿಲ್ಲದಾಗ ಬಂದದ್ದನ್ನ ಭದ್ರಾದಿಂದ ತರಿಸಿಕೊಂಡು ಸಾಲಿಗೆ ಸೇರಿತು.

ಎರಡನೇ ಪರೀಕ್ಷೆ: ಸೋಲರುಗಳನ್ನ ಓಡೋಕೆ ಬಿಟ್ಟು, ಎರಡು ಝೂಕೀಪರನ್ನ ನಿಲ್ಲಿಸಿದ್ವಿ. ಕೋರಂ ಹೋಯ್ತು. ಹುಡುಕಾಟಕ್ಕೆ ಉತ್ತರ ಬರ್ತಾನೇ ಇತ್ತು, ಆದರೆ ಬರಹ ಸೇರಿಸೋಕೆ ಹೋದರೆ "ಝೂಕೀಪರ್ ಸಿಗ್ತಿಲ್ಲ, ಬದಲಾವಣೆ ಮಾಡೋ ಹಾಗಿಲ್ಲ" ಅನ್ನುವ ಅರ್ಥದ ಎರರ್. ರಾಜ್ಯೋತ್ಸವದ ಹಿಂದಿನ ದಿನ ನೋಡಿದ್ದು ಇದನ್ನೇ. ಈ ಸಲ ಯಾರೂ ರೀಸ್ಟಾರ್ಟ್ ಅನ್ನಲಿಲ್ಲ. ನಿಲ್ಲಿಸಿದ ಝೂಕೀಪರುಗಳಲ್ಲಿ ಒಂದನ್ನ ಎಬ್ಬಿಸಿದ್ವಿ, ಎಲ್ಲ ಸರಿಹೋಯ್ತು.

ಹಾಗಾಗಿ ನೆನಪಿಟ್ಟುಕೊಳ್ಳಬೇಕಾದ ಕ್ರಮ ಇಷ್ಟು. ಎಬ್ಬಿಸುವಾಗ ಮೊದಲು ಝೂಕೀಪರ್, ಕೋರಂ ಆದಮೇಲೆ ಸೋಲರ್. ನಿಲ್ಲಿಸುವಾಗ ಮೊದಲು ಸೋಲರ್, ಕೊನೆಗೆ ಝೂಕೀಪರ್. ಒಂದೊಂದನ್ನೇ ರೀಸ್ಟಾರ್ಟ್ ಮಾಡಬೇಕಿದ್ದರೆ ಒಂದು ಪೂರ್ತಿ ಎದ್ದ ಮೇಲೇ ಇನ್ನೊಂದನ್ನ ಮುಟ್ಟಿ. ಸೋಲರ್ ಬರೆಯೋಕೆ ಒಪ್ಪದಿದ್ದರೆ ಅದನ್ನ ಮುಟ್ಟೋ ಮುಂಚೆ ಝೂಕೀಪರಿನ ಸ್ಟೇಟಸ್ ನೋಡಿ.

ಆ ದಿನ ಪರೀಕ್ಷೆ ಮುಗಿಸಿ ಹೊರಡುವಾಗ ಲ್ಯಾಬ್ ಅಟೆಂಡರ್ ಅಣ್ಣ ಒಂದು ಮಾತು ಕೇಳಿದರು: "ಅಲ್ರಪ್ಪ, ಮೂರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೀರಲ್ಲ, ಅದು ಸುಟ್ರೆ?" ನಾವು ಮುಖ ಮುಖ ನೋಡ್ಕೊಂಡ್ವಿ. ಕೋರಂ ಲೆಕ್ಕ, ಬಹುಮತ ಎಲ್ಲ ಕಲಿತಿದ್ವಿ, ಇದು ಮಾತ್ರ ಹೊಳೆದಿರಲಿಲ್ಲ. ಈಗ ಒಂದೊಂದು ಬೇರೆ ಬೇರೆ ಸ್ವಿಚ್‌ಬೋರ್ಡಿನಲ್ಲಿದೆ.

ಆ ಎರಡು ತಿಂಗಳ ಕೆಲಸ ಏನಾಯ್ತು ಅಂತ ಕೇಳ್ತೀರಿ. ತುಂಗಾದ ಹಾರ್ಡ್ ಡಿಸ್ಕ್ ಚೆನ್ನಾಗೇ ಇತ್ತು. ಅದನ್ನ ಇನ್ನೊಂದು ಕಂಪ್ಯೂಟರಿಗೆ ಹಾಕಿ, ಹಳೇ ಹೆಸರು, ಹಳೇ ಐಪಿ ಕೊಟ್ಟು ಎಬ್ಬಿಸಿದ್ವಿ. ಸೋಲರ್ ಫೋಲ್ಡರಿನೊಳಗಿನ ಝೂ_ಡೇಟಾದಲ್ಲಿ ರಿಜಿಸ್ಟರ್ ಹಾಗೇ ಇತ್ತು. ಎಲ್ಲ ಬರಹಗಳನ್ನ ಹೊರತೆಗೆದು, ಹೊಸ ಕ್ಲಸ್ಟರಿಗೆ ಸೇರಿಸಿದ್ವಿ. ಅವುಗಳ ಮೂಲಪ್ರತಿ ಈಗ ಬೇರೆ ಕಡೆ ಇದೆ, ಯಾಕಂದ್ರೆ ಮೂರು ರೆಪ್ಲಿಕಾ ಇದ್ದ ಮಾತ್ರಕ್ಕೆ ಬ್ಯಾಕಪ್ ಇದೆ ಅಂತಲ್ಲ. ತಪ್ಪಾಗಿ ಅಳಿಸಿದರೆ ಮೂರರಲ್ಲೂ ಒಟ್ಟಿಗೇ ಅಳಿಸಿಹೋಗುತ್ತೆ.

ಈ ರಾಜ್ಯೋತ್ಸವಕ್ಕೆ ಸ್ಟಾಲಿಗೆ ಬನ್ನಿ. ನಿಮ್ಮ ಸೀನಿಯರ್ ಹೆಸರು ಟೈಪ್ ಮಾಡಿ, ಅವರು ಮೊದಲ ವರ್ಷದಲ್ಲಿ ಬರೆದ ಪ್ರೇಮಕವನ ಸಿಗಬಹುದು. ಬೇಕಿದ್ದರೆ ಒಂದು ಪ್ಲಗ್ ಕೀಳೋಕೂ ಬಿಡ್ತೀವಿ. ಒಂದೇ ಒಂದು, ಎರಡಲ್ಲ!